ಎದೆಪಟ್ಟಿಯೊಳಗಿನ ಬೆಳಕಿನ ಎಳೆ

ಪ್ರಶ್ನೆ: ನಾನು ಐಸಿಯುನಲ್ಲಿ ನರ್ಸ್. ರೋಗಿಯ ಮೈಮೇಲಿನ ವೈರುಗಳ ಸಿಕ್ಕು ಬಿಡಿಸುವುದರಲ್ಲೇ ಅರ್ಧ ಪಾಳಿ ಕಳೆದುಹೋಗುತ್ತದೆ. ಆಪ್ಟಿಕಲ್ ಫೈಬರ್ (ಬೆಳಕು ಸಾಗಿಸುವ ಗಾಜಿನ ಇಲ್ಲವೇ ಪ್ಲಾಸ್ಟಿಕ್ಕಿನ ಎಳೆ) ಸೇರಿಸಿ ನೇಯ್ದ ಅಂಗಿ ತೊಡಿಸಿದರೆ ಉಸಿರು, ನಾಡಿ, ಜ್ವರ ಎಲ್ಲ ತಿಳಿಯುತ್ತದಂತೆ. ಇಂಟರ್ನೆಟ್ ಕೇಬಲಿನ ಎಳೆ ಉಸಿರನ್ನು ಹೇಗೆ ಅಳೆಯುತ್ತದೆ? ಇದು ಬಂದರೆ ಇಸಿಜಿ ವೈರುಗಳಿಂದ ನಮಗೆ ಮುಕ್ತಿಯೆ?

ಉತ್ತರ: ಕಡೆಯ ಪ್ರಶ್ನೆಗೇ ಮೊದಲು ಹೇಳಿಬಿಡುತ್ತೇನೆ, ಮುಕ್ತಿ ಇಲ್ಲ. ಇಸಿಜಿ ಎಂದರೆ ಹೃದಯದ ವಿದ್ಯುತ್ ಬರೆಯುವ ಗೆರೆ. ಗಾಜಿನ ಎಳೆಗೆ ಆ ವಿದ್ಯುತ್ ತಾಕುವುದೇ ಇಲ್ಲ. ಹೃದಯ ಬಡಿದಾಗ ಎದೆಗೂಡು ಸಣ್ಣಗೆ ಅದುರುತ್ತದಲ್ಲ, ಅದಷ್ಟನ್ನು ಹಿಡಿದೀತು. ಬಡಿತ ಎಷ್ಟು ಎಂದು ಹೇಳೀತು. ಲಯ ಕೆಟ್ಟದ್ದು ಹೃದಯದ ಮೇಲಿನ ಕೋಣೆಯಲ್ಲೋ ಕೆಳಗಿನದರಲ್ಲೋ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ.

ಉಸಿರಿನ ಮಾತು ಬೇರೆ. ಆಸ್ಪತ್ರೆ ಉಪಕರಣಗಳ ರಿಪೇರಿಯಲ್ಲೇ ತಲೆ ಹಣ್ಣಾದವನು ನಾನು. ಮಾನಿಟರ್ ಸರಿಮಾಡಲು ಹೋದಾಗ ಪಕ್ಕದ ಚಾರ್ಟ್ ಮೇಲೆ ಕಣ್ಣು ಹಾಯಿಸುವ ಚಾಳಿ. ಬಿಪಿ, ಜ್ವರ ಒಬ್ಬೊಬ್ಬರದು ಒಂದೊಂದು ಥರ. ಉಸಿರು ಮಾತ್ರ ಎಲ್ಲರದೂ ನಿಮಿಷಕ್ಕೆ 18, ಇಲ್ಲವೇ 20! (ನೀವು ಹಾಗೆ ಬರೆಯುವವರಲ್ಲ ಬಿಡಿ.) ಪೂರ್ತಿ ಒಂದು ನಿಮಿಷ ಎದೆ ನೋಡುತ್ತ ಎಣಿಸಲು ಯಾರಿಗೆ ಪುರುಸೊತ್ತು? ರೋಗಿ ಹದಗೆಡುವಾಗ ಮೊದಲು ಏರುಪೇರಾಗುವುದರಲ್ಲಿ ಉಸಿರೂ ಒಂದು. ಹಾಗಾಗಿ ಈ ಬಟ್ಟೆ ಉಸಿರೊಂದನ್ನೇ ನೆಟ್ಟಗೆ ಎಣಿಸಿದರೂ ನನಗೆ ಸಾಕು.

ಎಣಿಸುವ ಸುಲಭದ ದಾರಿ ಹೀಗೆ. ಎಲಾಸ್ಟಿಕ್ ಪಟ್ಟಿಯ ಮೇಲೆ ಎಳೆಯನ್ನು ಅಂಕುಡೊಂಕಾಗಿ ಹೊಲಿಯುತ್ತಾರೆ. ತಿರುವಿನಲ್ಲಿ ಜೋರಾಗಿ ಹೋದ ಗಾಡಿಯಿಂದ ಸಾಮಾನು ಉರುಳಿದ ಹಾಗೆ, ಎಳೆ ಬಿಗಿಯಾಗಿ ಬಾಗಿದಲ್ಲಿ ಬೆಳಕು ಒಂದಿಷ್ಟು ಹೊರಗೆ ಸೋರುತ್ತದೆ. ಉಸಿರೆಳೆದಾಗ ಪಟ್ಟಿ ಹಿಗ್ಗಿ ಡೊಂಕು ಸಡಿಲವಾಗುತ್ತದೆ, ಸೋರಿಕೆ ತಗ್ಗುತ್ತದೆ. ಉಸಿರು ಬಿಟ್ಟಾಗ ಮತ್ತೆ ಹೆಚ್ಚುತ್ತದೆ. ಎಳೆಯ ತುದಿಯಲ್ಲಿ ಬೆಳಕಿನ ಏರಿಳಿತ ಎಣಿಸಿದರೆ ಆಯಿತು.

ಇನ್ನೊಂದು ದಾರಿ ಬ್ರ್ಯಾಗ್ ಗ್ರೇಟಿಂಗ್. ಕೆನಡಾದ ಕೆನ್ ಹಿಲ್ ಮತ್ತು ಸಂಗಡಿಗರು 1978ರಲ್ಲಿ ಮೊದಲು ತೋರಿಸಿದ್ದು. ಎಳೆಯ ತಿರುಳಿನಲ್ಲಿ ಮೂಡಿಸಿದ ಅತಿಸೂಕ್ಷ್ಮ ಪಟ್ಟೆಗಳು ಒಂದು ನಿರ್ದಿಷ್ಟ ತರಂಗಾಂತರದ ಬೆಳಕನ್ನು ಮಾತ್ರ ಹಿಂದಕ್ಕೆ ಕಳಿಸುತ್ತವೆ. ಎಳೆ ಹಿಗ್ಗಿದರೆ ಆ ತರಂಗಾಂತರ ಸರಿಯುತ್ತದೆ. 1550 ನ್ಯಾನೋಮೀಟರ್ ಆಸುಪಾಸಿನಲ್ಲಿ, ಎಳೆ ತನ್ನ ಉದ್ದದ ಹತ್ತು ಲಕ್ಷದಲ್ಲೊಂದು ಪಾಲು ಹಿಗ್ಗಿದರೆ ಸುಮಾರು 1.2 ಪಿಕೋಮೀಟರ್ (ಪಿಕೋಮೀಟರ್ ಎಂದರೆ ನ್ಯಾನೋಮೀಟರಿನ ಸಾವಿರದಲ್ಲೊಂದು ಪಾಲು) ಸರಿಯುತ್ತದೆ. 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 10 ಪಿಕೋಮೀಟರ್. ತೊಡಕು ಅಲ್ಲೇ ಇದೆ. ಸರಿದದ್ದು ಉಸಿರಿಗೋ ಜ್ವರಕ್ಕೋ? ಅದಕ್ಕೇ ಹಿಗ್ಗದಂತೆ ಕೂರಿಸಿದ ಮತ್ತೊಂದು ಗ್ರೇಟಿಂಗ್ ಪಕ್ಕದಲ್ಲಿಟ್ಟು ಶಾಖದ ಪಾಲನ್ನು ಕಳೆಯುತ್ತಾರೆ.

ಇದರ ನಿಜವಾದ ಜಾಗ, ನನ್ನನ್ನು ಕೇಳಿದರೆ, ಎಂಆರ್‌ಐ ಕೋಣೆ. ಅಲ್ಲಿ ಲೋಹದ ವೈರು ಸುರುಳಿಯಾಗಿ ಬಿದ್ದರೆ ರೇಡಿಯೋ ತರಂಗಗಳಿಂದ ಕಾದು ರೋಗಿಯ ಚರ್ಮ ಸುಡಬಹುದು. ಗಾಜಿಗೆ ಆ ಭಯವಿಲ್ಲ. ಬೆಳಕು ಕಳಿಸಿ ಓದುವ ಪೆಟ್ಟಿಗೆಯನ್ನು ಕೋಣೆಯ ಹೊರಗಿಟ್ಟರಾಯಿತು. ಯುರೋಪಿನಲ್ಲಿ 2006ರಲ್ಲಿ ಶುರುವಾದ ಓಫ್‌ಸೆತ್ ಯೋಜನೆ ಹಿಡಿದದ್ದು ಇದನ್ನೇ: ಎಂಆರ್‌ಐ ಒಳಗೆ ಅರಿವಳಿಕೆಯಲ್ಲಿ ಮಲಗಿದವರ ಎದೆ ಮತ್ತು ಹೊಟ್ಟೆ, ಎರಡರ ಏರಿಳಿತ. ಎರಡೂ ಯಾಕೆಂದರೆ, ಗಂಟಲ ದಾರಿ ಕಟ್ಟಿಕೊಂಡರೂ ಎದೆ ಹೊಟ್ಟೆ ಅಲುಗುತ್ತಲೇ ಇರುತ್ತವೆ, ಆದರೆ ಒಂದು ಉಬ್ಬಿದಾಗ ಇನ್ನೊಂದು ಕುಗ್ಗುತ್ತದೆ. ಒಂದೇ ಪಟ್ಟಿ ಕಟ್ಟಿದ್ದರೆ "ಉಸಿರಾಡುತ್ತಿದ್ದಾರೆ" ಎಂದೇ ತೋರಿಸೀತು. ಪಟ್ಟಿ ಅಳೆಯುವುದು ಮೈಯ ಅಲುಗಾಟವನ್ನು, ಒಳಗೆ ಹೋದ ಗಾಳಿಯನ್ನಲ್ಲ. ರೋಗಿ ಮಗ್ಗುಲು ಬದಲಿಸಿದರೆ, ಕೆಮ್ಮಿದರೆ ಇದಕ್ಕೂ ಗಲಿಬಿಲಿಯೇ.

ಪ್ರಶ್ನೆ: ಜವಳಿ ತಂತ್ರಜ್ಞಾನ ಓದುತ್ತಿದ್ದೇನೆ. ಇಂಥ ಬಟ್ಟೆಯನ್ನು ಒಗೆಯಬಹುದೆ?

ಉತ್ತರ: ಮಾರಾಟಗಾರರನ್ನು ಎಲ್ಲಕ್ಕೂ ಮೊದಲು ಕೇಳಬೇಕಾದದ್ದು ಇದನ್ನೇ. ಗಾಜಿನ ಎಳೆ, ಹೊದಿಕೆ ಬಿಟ್ಟು, 125 ಮೈಕ್ರೋಮೀಟರ್ ದಪ್ಪ. ಎಳೆತ ತಡೆದರೂ ಚೂಪಾಗಿ ಮಡಚಿದರೆ ಪಟ್ಟನೆ ಮುರಿಯುತ್ತದೆ. ಪ್ಲಾಸ್ಟಿಕ್ ಎಳೆ ಬಾಗಿದರೂ ತಾಳುತ್ತದೆ, ಆದರೆ ಸಾಮಾನ್ಯವಾಗಿ ಬಳಸುವ ಅಕ್ರಿಲಿಕ್ ಎಳೆಯನ್ನು 121 ಡಿಗ್ರಿ ಆಟೋಕ್ಲೇವಿಗೆ (ಬಿಸಿ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರಕ್ಕೆ) ಹಾಕುವಂತಿಲ್ಲ, ಮೆತ್ತಗಾಗಿ ಕೆಡುತ್ತದೆ. ಆದರೂ ನನ್ನ ಅನುಮಾನ ಎಳೆಗಿಂತ ಕನೆಕ್ಟರ್ ಮೇಲೆ, ಅಂದರೆ ಎಳೆಯನ್ನು ಪೆಟ್ಟಿಗೆಗೆ ಸಿಕ್ಕಿಸುವ ತುದಿಯ ಮೇಲೆ. ಯಾವ ಉಪಕರಣದ ಕೇಬಲ್ ನೋಡಿ, ಸಾಯುವುದು ಕನೆಕ್ಟರಿಗೆ ಸೇರುವ ಕುತ್ತಿಗೆಯಲ್ಲಿ. ಇಲ್ಲಂತೂ ತುದಿಗೆ ಸೋಪಿನ ಪೊರೆ ಕೂತರೂ ಬೆಳಕು ಮಂಕಾಗುತ್ತದೆ. ಅಂಗಿಯಿಂದ ಬಿಚ್ಚಿ ತೆಗೆಯಬಹುದಾದ ಪಟ್ಟಿಯೇ ಮೇಲು. ಪ್ರಾಜೆಕ್ಟ್ ಹುಡುಕುತ್ತಿದ್ದರೆ ಕನೆಕ್ಟರನ್ನೇ ಹಿಡಿಯಿರಿ.

ಪ್ರಶ್ನೆ: ಕಾಮಾಲೆಯಾದ ನಮ್ಮ ಮಗುವನ್ನು ನೀಲಿ ಬೆಳಕಿನ ಹಾಸಿನ ಮೇಲೆ ಮಲಗಿಸಿದ್ದರು. ಅದೂ ಇದೇನಾ?

ಉತ್ತರ: ಫೈಬರ್ ಹಾಸಾಗಿದ್ದರೆ ತತ್ವ ಅದೇ, ಕೆಲಸ ತಿರುಗುಮುರುಗು. ಅದು ಬೆಳಕನ್ನು ಮಗುವಿನ ಚರ್ಮಕ್ಕೆ ತಲುಪಿಸುತ್ತದೆ ಅಷ್ಟೆ, ಏನನ್ನೂ ಅಳೆಯುವುದಿಲ್ಲ. ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ ಇಳಿಯಿತೇ ಎಂದು ಬೇರೆಯಾಗಿ ಪರೀಕ್ಷೆ ಮಾಡಿಯೇ ನೋಡಬೇಕು.