ಓದುಗರ ಪ್ರಶ್ನೆ–ಉತ್ತರ: ಜಾರ್ಜ್ ವಾಷಿಂಗ್ಟನ್ ಬಗ್ಗೆ ಬರೆಯಹೊರಟವರಿಗೆ

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ನ ಬದುಕನ್ನು ಅಧ್ಯಯನ ಮಾಡುವುದು ಹೇಗೆ ಎಂದು ಕೇಳಿದ ಪತ್ರಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ.

*ಪದವಿ ತರಗತಿಗೆ ವಾಷಿಂಗ್ಟನ್ ಮೇಲೆ ಪ್ರಬಂಧ ಬರೆಯಬೇಕಿದೆ. ನಮ್ಮೂರಿನಲ್ಲಿ ದೊಡ್ಡ ಗ್ರಂಥಾಲಯವಿಲ್ಲ. ಮೂಲ ಕಾಗದಪತ್ರಗಳನ್ನು ಮನೆಯಲ್ಲೇ ಕೂತು ಓದಲು ಸಾಧ್ಯವೇ? ಎಲ್ಲಿಂದ ಶುರು ಮಾಡಲಿ? — ವಿದ್ಯಾರ್ಥಿನಿ, ಹಾವೇರಿ*

ಖಂಡಿತ ಸಾಧ್ಯ. ದುಡ್ಡೂ ಬೇಡ. ಎರಡು ಜಾಲತಾಣಗಳನ್ನು ಜೊತೆಜೊತೆಯಾಗಿ ತೆರೆದಿಟ್ಟುಕೊಳ್ಳಿ. ಮೊದಲನೆಯದು ಫೌಂಡರ್ಸ್ ಆನ್‌ಲೈನ್. ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಮತ್ತು ವರ್ಜೀನಿಯಾ ವಿಶ್ವವಿದ್ಯಾಲಯದ ಮುದ್ರಣಾಲಯ ಸೇರಿ 2013ರಲ್ಲಿ ಇದನ್ನು ತೆರೆದವು. ವಾಷಿಂಗ್ಟನ್ ಬರೆದ ಪತ್ರಗಳ ಜೊತೆಗೆ ಆತನಿಗೆ ಬಂದ ಪತ್ರಗಳೂ ಇಲ್ಲಿ ಅಚ್ಚಿನ ರೂಪದಲ್ಲಿ, ಅಡಿಟಿಪ್ಪಣಿ ಸಮೇತ ಸಿಗುತ್ತವೆ. ಎರಡನೆಯದು ಲೈಬ್ರರಿ ಆಫ್ ಕಾಂಗ್ರೆಸ್. ಅಲ್ಲಿರುವ ಸುಮಾರು 77,000 ಕಾಗದಗಳ ಚಿತ್ರಗಳನ್ನೇ ನೋಡಬಹುದು. ಒಂಬತ್ತು ಸರಣಿಗಳಿವೆ. ಪತ್ರದ ದಿನಾಂಕ ಗೊತ್ತಿದ್ದರೆ ನೇರವಾಗಿ ನಾಲ್ಕನೇ ಸರಣಿಗೆ ಹೋಗಿ, ಕಾಲಾನುಕ್ರಮದಲ್ಲಿ ಜೋಡಿಸಿದ ಪತ್ರವ್ಯವಹಾರ ಅಲ್ಲಿದೆ. ಲೆಕ್ಕಪತ್ರ ಬೇಕಿದ್ದರೆ ಐದನೆಯದು.

ಇಡೀ ಬದುಕನ್ನು ಒಂದೇ ಪ್ರಬಂಧದಲ್ಲಿ ಹಿಡಿಯಲು ಹೋದರೆ ಯಾವುದೋ ಜೀವನಚರಿತ್ರೆಯ ಸಾರಾಂಶವಾಗುತ್ತದೆ, ಅಷ್ಟೇ. ಕೆಲವೇ ತಿಂಗಳ ಅವಧಿಯೊಂದನ್ನು ಆರಿಸಿಕೊಳ್ಳಿ. ಉದಾಹರಣೆಗೆ 1783ರ ಮಾರ್ಚ್‌ನಿಂದ ಡಿಸೆಂಬರ್: ಸಂಬಳ ಸಿಗದೆ ಕುದಿಯುತ್ತಿದ್ದ ಸೇನಾಧಿಕಾರಿಗಳನ್ನು ನ್ಯೂಬರ್ಗ್‌ನಲ್ಲಿ ತಣ್ಣಗಾಗಿಸಿದಲ್ಲಿಂದ, ಡಿಸೆಂಬರ್ 23ರಂದು ಅನಾಪೊಲಿಸ್‌ನಲ್ಲಿ ಸೇನಾಪತಿ ಪದವಿಗೆ ರಾಜೀನಾಮೆ ಕೊಟ್ಟಲ್ಲಿಯವರೆಗೆ. ಹುಡುಕುವಾಗ ದಿನಾಂಕದ ಮಿತಿ ಹಾಕಿ, ಒಮ್ಮೆ ಬರೆದವರ ಜಾಗದಲ್ಲಿ, ಇನ್ನೊಮ್ಮೆ ಪಡೆದವರ ಜಾಗದಲ್ಲಿ ವಾಷಿಂಗ್ಟನ್ ಹೆಸರು ಕೊಡಿ. ಉತ್ತರವನ್ನಷ್ಟೇ ಓದಿ ಪ್ರಶ್ನೆಯನ್ನು ಬಿಟ್ಟರೆ ಅರ್ಥ ಕೆಡುತ್ತದೆ.

ಪತ್ರ ಓದುವ ಮೊದಲು ಅದರ ಕೊನೆಯ ಆಕರ ಟಿಪ್ಪಣಿ ನೋಡಿ. ಎಎಲ್‌ಎಸ್ ಎಂದಿದ್ದರೆ ಸ್ವಂತ ಕೈಬರಹ, ಸ್ವಂತ ಸಹಿ. ಎಲ್‌ಎಸ್ ಎಂದರೆ ಬರೆದವರು ಬೇರೆ, ಸಹಿ ಮಾತ್ರ ಆತನದು. ಡಿಎಫ್ ಎಂದರೆ ಕರಡು, ಎಲ್‌ಬಿ ಎಂದರೆ ಪ್ರತಿ ಮಾಡಿಡುವ ಪುಸ್ತಕದಿಂದ ತೆಗೆದದ್ದು. ಸ್ವಾತಂತ್ರ್ಯ ಯುದ್ಧಕಾಲದ ಎಷ್ಟೋ ಪತ್ರಗಳು ಹ್ಯಾಮಿಲ್ಟನ್, ಟಿಲ್ಮನ್, ಹ್ಯಾರಿಸನ್ ಮುಂತಾದ ಸಹಾಯಕರ ಕೈಯಲ್ಲಿವೆ. ಅಂಥ ಪತ್ರ ಹಿಡಿದು ‘ವಾಷಿಂಗ್ಟನ್‌ನ ಭಾಷಾಶೈಲಿ’ ಎಂದು ಬರೆದರೆ ನಿಮ್ಮ ವಾದ ನಿಲ್ಲುವುದಿಲ್ಲ. ‘ಅರ್ಲಿ ಆ್ಯಕ್ಸೆಸ್’ ಎಂಬ ಸೂಚನೆಯಿದ್ದರೆ ಆ ಪಾಠ ಇನ್ನೂ ಅಂತಿಮವಾಗಿಲ್ಲ ಎಂದು ತಿಳಿದು, ಸಿಕ್ಕರೆ ಮೂಲದ ಚಿತ್ರದೊಂದಿಗೆ ಹೋಲಿಸಿ. ಉಲ್ಲೇಖ ಕೊಡುವ ರೀತಿಯನ್ನು ಪುಟದ ಕೆಳಗೇ ಕೊಟ್ಟಿರುತ್ತಾರೆ, ಓದುತ್ತಿರುವಾಗಲೇ ನಕಲು ಮಾಡಿಟ್ಟುಕೊಳ್ಳಿ. ಆಮೇಲೆ ಹುಡುಕಿದರಾಯಿತು ಎಂದುಕೊಂಡವರಿಗೆ ಒಂದೇ ಬಗೆಯ ನೂರಾರು ಪತ್ರಗಳ ನಡುವೆ ಅದು ಮತ್ತೆ ಸಿಗುವುದು ಕಷ್ಟ.

*ಒಂದೇ ಪತ್ರ ಎರಡು ಪುಸ್ತಕಗಳಲ್ಲಿ ಬೇರೆ ಬೇರೆ ಮಾತುಗಳಲ್ಲಿದೆ. ಯಾವುದನ್ನು ನಂಬಬೇಕು? — ನಿವೃತ್ತ ಅಧ್ಯಾಪಕರು, ಉಡುಪಿ*

ಈ ಗೊಂದಲಕ್ಕೆ ಮೊದಲ ಕಾರಣ ಸ್ವತಃ ವಾಷಿಂಗ್ಟನ್. ಫ್ರೆಂಚರ ಮೇಲಿನ ಯುದ್ಧದಲ್ಲಿ ವರ್ಜೀನಿಯಾ ದಳದ ನಾಯಕನಾಗಿದ್ದಾಗ, ಅಂದರೆ 1755ರಿಂದ 1758ರವರೆಗೆ ಬರೆದ ಪತ್ರಗಳನ್ನು ಪ್ರತಿ ಮಾಡಿಟ್ಟ ಪುಸ್ತಕವನ್ನು 1780ರ ದಶಕದಲ್ಲಿ ಆತನೇ ಕೂತು ತಿದ್ದಿದ. ಇಪ್ಪತ್ತಮೂರರ ಹರೆಯದವನ ಒರಟು ವಾಕ್ಯಗಳು ಐವತ್ತು ದಾಟಿದವನ ಕೈಯಲ್ಲಿ ನಯವಾದವು. ಆದ್ದರಿಂದ ಆ ವರ್ಷಗಳ ಮಟ್ಟಿಗೆ, ಎದುರಿನವರ ಕೈ ಸೇರಿದ ಮೂಲ ಪತ್ರ ಉಳಿದಿದ್ದರೆ ಅದೇ ಪ್ರಮಾಣ. ಅದಿಲ್ಲದೆ ತಿದ್ದಿದ ಪ್ರತಿ ಮಾತ್ರ ಇದ್ದರೆ, ಅದರಿಂದ ಯುವಕ ವಾಷಿಂಗ್ಟನ್‌ನ ಮನಸ್ಸನ್ನು ಅಳೆಯಬೇಡಿ.

ಎರಡನೆಯ ಕಾರಣ ಜೇರೆಡ್ ಸ್ಪಾರ್ಕ್ಸ್. 1834ರಿಂದ 1837ರ ನಡುವೆ 12 ಸಂಪುಟಗಳನ್ನು ಹೊರತಂದ ಈ ಸಂಪಾದಕ, ರಾಷ್ಟ್ರಪಿತನ ಬರಹ ರಾಷ್ಟ್ರಪಿತನಂತೆಯೇ ಕೇಳಿಸಬೇಕೆಂದು ಕಾಗುಣಿತ, ವ್ಯಾಕರಣ, ಪದಗಳನ್ನೂ ತಿದ್ದಿಬಿಟ್ಟ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. 1789ರ ಪದಗ್ರಹಣಕ್ಕೆಂದು ಸಿದ್ಧವಾಗಿ ಕೊನೆಗೆ ಬಳಸದೇ ಉಳಿದ ಉದ್ದನೆಯ ಭಾಷಣದ ಹಸ್ತಪ್ರತಿಯನ್ನು ತುಂಡು ತುಂಡಾಗಿ ಕತ್ತರಿಸಿ, ವಾಷಿಂಗ್ಟನ್ ಕೈಬರಹದ ನೆನಪಿಗೆಂದು ಕೇಳಿದವರಿಗೆ ಹಂಚಿದ. ಇಂದಿಗೂ ಆ ಭಾಷಣ ಪೂರ್ತಿಯಾಗಿ ಕೂಡಿ ಬಂದಿಲ್ಲ. ಪತ್ರಾಗಾರಕ್ಕೆ ಇದಕ್ಕಿಂತ ದೊಡ್ಡ ದ್ರೋಹ ಕಡಿಮೆ. ಸ್ಪಾರ್ಕ್ಸ್ ಪಾಠದಿಂದ ಉದ್ಧರಿಸಬೇಡಿ.

1931ರಿಂದ 1944ರವರೆಗೆ ಬಂದ, ಫಿಟ್ಸ್‌ಪ್ಯಾಟ್ರಿಕ್ ಸಂಪಾದಿಸಿದ 39 ಸಂಪುಟಗಳು ನಂಬಿಕೆಗೆ ಅರ್ಹ. ಆದರೆ ಅಲ್ಲಿರುವುದು ವಾಷಿಂಗ್ಟನ್ ಕಡೆಯಿಂದ ಹೊರಟ ಬರಹ ಮಾತ್ರ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 1968ರಲ್ಲಿ ಆರಂಭವಾದ ಹೊಸ ಆವೃತ್ತಿ ಎರಡೂ ಕಡೆಯದನ್ನು ಕೊಡುತ್ತದೆ. ಫೌಂಡರ್ಸ್ ಆನ್‌ಲೈನ್‌ನಲ್ಲಿರುವುದು ಅದೇ. ಇಷ್ಟಾದರೂ ಒಂದು ಬಾಗಿಲು ತೆರೆಯುವುದಿಲ್ಲ: ಗಂಡ ತೀರಿಕೊಂಡ ಮೇಲೆ ಮಾರ್ಥಾ ತಮ್ಮಿಬ್ಬರ ಪತ್ರಗಳನ್ನು ಸುಟ್ಟುಹಾಕಿದಳು. ಉಳಿದವು ಬೆರಳೆಣಿಕೆಯಷ್ಟು, ಅವುಗಳಲ್ಲಿ ಎರಡು ಸೇನಾಪತಿಯಾಗಿ ಹೊರಟ 1775ರ ಜೂನ್‌ನವು. ದಂಪತಿಯ ಖಾಸಗಿ ಬದುಕಿನ ಬಗ್ಗೆ ಯಾರಾದರೂ ಪುಟಗಟ್ಟಲೆ ಬರೆದಿದ್ದರೆ ಆಧಾರ ಏನೆಂದು ಕೇಳಿ.

*ಹುಟ್ಟಿದ ದಿನ ಒಂದು ಕಡೆ 1731ರ ಫೆಬ್ರವರಿ 11, ಇನ್ನೊಂದು ಕಡೆ 1732ರ ಫೆಬ್ರವರಿ 22 ಎಂದಿದೆ. — ಓದುಗರು, ತುಮಕೂರು*

ಎರಡೂ ಸರಿ. ಆಗ ಬ್ರಿಟಿಷ್ ವಸಾಹತುಗಳಲ್ಲಿ ಹಳೆಯ ಜೂಲಿಯನ್ ಪಂಚಾಂಗವಿತ್ತು, ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. 1752ರಲ್ಲಿ ಪಂಚಾಂಗ ಬದಲಾಗಿ ಸೆಪ್ಟೆಂಬರ್ 2ರ ಮಾರನೆಯ ದಿನ 14 ಆಯಿತು. ಹಾಗಾಗಿ ಈಗಿನ ಲೆಕ್ಕದಲ್ಲಿ 11 ದಿನ, ಒಂದು ವರ್ಷ ಮುಂದಕ್ಕೆ ಹೋಯಿತು. 1752ಕ್ಕಿಂತ ಹಿಂದಿನ ಜನವರಿ 1ರಿಂದ ಮಾರ್ಚ್ 24ರವರೆಗಿನ ಯಾವ ದಿನಾಂಕವನ್ನಾದರೂ 1731/32 ಎಂಬಂತೆ ಜೋಡಿ ವರ್ಷ ಹಾಕಿ ಬರೆದುಕೊಳ್ಳಿ. ಪತ್ರಗಳಲ್ಲಿ ‘ಇನ್‌ಸ್ಟಂಟ್’ ಎಂದರೆ ಅದೇ ತಿಂಗಳು, ‘ಅಲ್ಟಿಮೊ’ ಎಂದರೆ ಹಿಂದಿನ ತಿಂಗಳು. ಇದು ತಪ್ಪಿದರೆ ಘಟನೆಗಳ ಕ್ರಮವೇ ತಲೆಕೆಳಗು.

*ಚೆರ್ರಿ ಮರ ಕಡಿದು ನಿಜ ಒಪ್ಪಿಕೊಂಡದ್ದು, ಮರದ ಹಲ್ಲು ಕಟ್ಟಿಸಿಕೊಂಡದ್ದು ನಿಜವೇ? ವಾಟ್ಸ್‌ಆ್ಯಪ್‌ನಲ್ಲಿ ಬರುವ ಅವರ ನುಡಿಗಳನ್ನು ಪರೀಕ್ಷಿಸುವುದು ಹೇಗೆ? — ಪ್ರೌಢಶಾಲಾ ಶಿಕ್ಷಕಿ, ಹಾಸನ*

ಚೆರ್ರಿ ಮರದ ಕಥೆ ಮೇಸನ್ ವೀಮ್ಸ್ ಎಂಬ ಪಾದ್ರಿ ಹಾಗೂ ಪುಸ್ತಕ ವ್ಯಾಪಾರಿ ಬರೆದ ಜೀವನಚರಿತ್ರೆಯದು. ಪುಸ್ತಕ ಮೊದಲು ಬಂದದ್ದು 1800ರಲ್ಲಿ, ಮರದ ಕಥೆ ಸೇರಿದ್ದು 1806ರ ಐದನೇ ಮುದ್ರಣದಲ್ಲಿ. ಮಕ್ಕಳಿಗೆ ಹೇಳುವುದಾದರೆ ಕಥೆ ಎಂದೇ ಹೇಳಿ.

ಹಲ್ಲು ಮರದ್ದಲ್ಲ. ವಾಷಿಂಗ್ಟನ್‌ನ ಮನೆ, ತೋಟವಿದ್ದ ಮೌಂಟ್ ವರ್ನನ್‌ನಲ್ಲಿ ಉಳಿದಿರುವ ಪೂರ್ತಿ ಜೋಡಿಯಲ್ಲಿ ಸೀಸದ ತಳಕ್ಕೆ ಮನುಷ್ಯರ ಹಲ್ಲು ಮತ್ತು ಪ್ರಾಣಿಗಳ ಹಲ್ಲುಗಳನ್ನು ಕೂರಿಸಿ, ಸ್ಪ್ರಿಂಗ್ ಹಾಕಿದ್ದಾರೆ. ಬಾಯಿ ಮುಚ್ಚಿರಬೇಕಾದರೆ ದವಡೆ ಬಿಗಿ ಹಿಡಿಯಲೇಬೇಕು. 1789ರಲ್ಲಿ ಪ್ರಮಾಣವಚನ ಸ್ವೀಕರಿಸುವ ಹೊತ್ತಿಗೆ ಬಾಯಲ್ಲಿ ಉಳಿದಿದ್ದ ಸ್ವಂತ ಹಲ್ಲು ಒಂದೇ. ಕೃತಕ ಹಲ್ಲಿಗೆ ಬಳಸುತ್ತಿದ್ದ ದಂತ (ಐವರಿ) ಹಳೆಯದಾಗಿ ಬಣ್ಣಗೆಟ್ಟು ಬಿರುಕುಬಿಟ್ಟಾಗ ಮರದಂತೆ ಕಾಣುತ್ತದೆ, ಮರದ ಹಲ್ಲಿನ ಮಾತು ಹುಟ್ಟಿದ್ದು ಅಲ್ಲಿಂದ ಇರಬಹುದು. ಶಾಲೆಯಲ್ಲಿ ಹೇಳಬೇಕಾದ ಸಂಗತಿ ಇನ್ನೊಂದಿದೆ. 1784ರ ಮೇ ತಿಂಗಳ ಲೆಕ್ಕದ ಪುಸ್ತಕದಲ್ಲಿ ‘ನೀಗ್ರೋಗಳಿಗೆ’ 9 ಹಲ್ಲಿನ ಬಾಬ್ತು 6 ಪೌಂಡ್ 2 ಶಿಲಿಂಗ್ ಕೊಟ್ಟ ನಮೂದಿದೆ.

ನುಡಿಗಳ ವಿಷಯ: ನಾಲ್ಕೈದು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಫೌಂಡರ್ಸ್ ಆನ್‌ಲೈನ್‌ನಲ್ಲಿ ಹುಡುಕಿ. ಅಲ್ಲಿ ಹಳೆಯ ಕಾಗುಣಿತವನ್ನೇ ಉಳಿಸಿರುವುದರಿಂದ ಸಿಗದಿದ್ದರೆ ಬೇರೆ ಪದಗಳಿಂದ ಮತ್ತೊಮ್ಮೆ ನೋಡಿ. ಆಗಲೂ ಸಿಗದಿದ್ದರೆ ಮೌಂಟ್ ವರ್ನನ್‌ನವರು ಇಟ್ಟಿರುವ ಸುಳ್ಳು ನುಡಿಗಳ ಪಟ್ಟಿಗೆ ಹೋಗಿ. ದೇವರು ಮತ್ತು ಬೈಬಲ್ ಇಲ್ಲದೆ ಜಗತ್ತನ್ನು ಸರಿಯಾಗಿ ಆಳಲಾಗದು ಎಂಬ ಪ್ರಸಿದ್ಧ ಮಾತು ಅಲ್ಲಿದೆ. ಆತ ಬದುಕಿದ್ದಾಗಲೇ ಲಂಡನ್ನಿನಲ್ಲಿ ಆತನ ಹೆಸರಿನ ನಕಲಿ ಪತ್ರಗಳು ಅಚ್ಚಾಗಿದ್ದವು. ಅವು ತನ್ನವಲ್ಲ ಎಂದು 1797ರ ಮಾರ್ಚ್ 3ರಂದು, ಅಧಿಕಾರದ ಕೊನೆಯ ಗಳಿಗೆಯಲ್ಲಿ, ಬರಹದಲ್ಲಿ ದಾಖಲಿಸಿ ಹೊರಟ.

*ಅವರು ತಮ್ಮ ಗುಲಾಮರನ್ನೆಲ್ಲ ಬಿಡುಗಡೆ ಮಾಡಿದರು ಎಂದು ಓದಿದ್ದೇನೆ. ಇದನ್ನು ಬರೆಯಬಹುದೇ? — ಸಂಶೋಧನಾ ವಿದ್ಯಾರ್ಥಿ, ಕಲಬುರಗಿ*

ಹಾಗೆ ಬರೆಯಬೇಡಿ. ಮೂರು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ಓದಿ.

ಮೊದಲನೆಯದು 1799ರಲ್ಲಿ ವಾಷಿಂಗ್ಟನ್ ತಾನೇ ಮಾಡಿದ ಪಟ್ಟಿ. ಮೌಂಟ್ ವರ್ನನ್‌ನಲ್ಲಿ ಗುಲಾಮರಾಗಿದ್ದವರು 317 ಮಂದಿ. ಅವರಲ್ಲಿ 123 ಮಂದಿ ಆತನ ಒಡೆತನದವರು. 153 ಮಂದಿ ಮಾರ್ಥಾಳ ಮೊದಲ ಗಂಡ ಕಸ್ಟಿಸ್‌ನ ಆಸ್ತಿಯ ಪಾಲಿಗೆ ಸೇರಿದವರು. ಉಳಿದವರು ಹೆಚ್ಚಾಗಿ ನೆರೆಯವರಿಂದ ಬಾಡಿಗೆಗೆ ತಂದವರು. ಪ್ರತಿ ಹೆಸರಿನ ಮುಂದೆ ವಯಸ್ಸು, ಗಂಡ ಅಥವಾ ಹೆಂಡತಿ ಯಾರು, ಯಾರ ಪಾಲಿನವರು ಎಂಬ ಷರಾ ಇದೆ. ಗಂಡ ಒಂದು ಪಾಲಿನಲ್ಲಿ, ಹೆಂಡತಿ ಇನ್ನೊಂದರಲ್ಲಿ ಇರುವ ಸಾಲುಗಳನ್ನು ಗುರುತು ಹಾಕಿ. ಬಿಡುಗಡೆ ಯಾವ್ಯಾವ ಮನೆಯನ್ನು ಒಡೆಯಿತು ಎಂಬುದು ಅಲ್ಲೇ ಕಾಣುತ್ತದೆ. ಮಕ್ಕಳು ತಾಯಿಯ ಪಾಲಿಗೆ ಸೇರುತ್ತಿದ್ದರು.

ಎರಡನೆಯದು 1799ರ ಜುಲೈ 9ರ ಉಯಿಲು, ಮೂಲ ಪ್ರತಿ ವರ್ಜೀನಿಯಾದ ಫೇರ್‌ಫ್ಯಾಕ್ಸ್ ನ್ಯಾಯಾಲಯದಲ್ಲಿದೆ. ತನ್ನ ಒಡೆತನದವರಿಗೆ ಮಾರ್ಥಾ ಸತ್ತ ಮೇಲೆ ಬಿಡುಗಡೆ, ಯುದ್ಧದುದ್ದಕ್ಕೂ ಜೊತೆಗಿದ್ದ ವಿಲಿಯಂ ಲೀಗೆ ಮಾತ್ರ ತಕ್ಷಣ, ವರ್ಷಕ್ಕೆ 30 ಡಾಲರ್ ಸಮೇತ. ಮಾರ್ಥಾ ಕಾಯದೆ 1801ರ ಜನವರಿ 1ರಂದೇ ಬಿಟ್ಟಳು. ಕಸ್ಟಿಸ್ ಪಾಲಿನವರನ್ನು ಬಿಡುವ ಕಾನೂನಿನ ಅಧಿಕಾರ ಇಬ್ಬರಿಗೂ ಇರಲಿಲ್ಲ, ಅವರು ಮಾರ್ಥಾಳ ಮೊಮ್ಮಕ್ಕಳಿಗೆ ಹಂಚಿಹೋದರು.

ಮೂರನೆಯದು ಕಾರ್ಯದರ್ಶಿ ಟೋಬಿಯಸ್ ಲಿಯರ್‌ಗೆ 1791ರ ಏಪ್ರಿಲ್ 12ರಂದು ಬರೆದ ಪತ್ರ. ಆಗ ರಾಜಧಾನಿ ಫಿಲಡೆಲ್ಫಿಯಾ. ಹೊರಗಿನವರು ತಂದ ಗುಲಾಮರು ಆರು ತಿಂಗಳು ನೆಲೆಸಿದರೆ ಸ್ವತಂತ್ರರು ಎಂದು ಪೆನ್ಸಿಲ್ವೇನಿಯಾದ 1780ರ ಕಾನೂನು ಹೇಳುತ್ತಿತ್ತು. ಅಲ್ಲಿನ ತನ್ನ ಮನೆಯ ಗುಲಾಮರಿಗೂ ಜನರಿಗೂ ತಿಳಿಯದಂತೆ ಏನಾದರೂ ನೆಪ ಮಾಡಿ ಅವರನ್ನು ವರ್ಜೀನಿಯಾಕ್ಕೆ ಕಳಿಸಬೇಕು ಎಂಬುದು ಪತ್ರದ ಸೂಚನೆ. ಉಯಿಲು ಬರೆದದ್ದೂ ಇದೇ ಕೈ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡುವುದು ಸಂಶೋಧನೆಯಲ್ಲ.

ಇವೆಲ್ಲ ಒಡೆಯನ ಕಡೆಯ ಕಾಗದಗಳು. ಎದುರು ಕಡೆಯ ದನಿಗೆ ಓನಾ ಜಡ್ಜ್ ಬಗ್ಗೆ ಓದಿ. 1796ರ ಮೇ 21ರಂದು ಅಧ್ಯಕ್ಷರ ಮನೆಯಿಂದಲೇ ತಪ್ಪಿಸಿಕೊಂಡು ನ್ಯೂ ಹ್ಯಾಂಪ್‌ಶೈರ್ ಸೇರಿದಾಕೆ. ಹಿಡಿದುಕೊಟ್ಟವರಿಗೆ ಬಹುಮಾನವೆಂದು ಕೊಟ್ಟ ಜಾಹೀರಾತೂ ಉಳಿದಿದೆ, 1840ರ ದಶಕದಲ್ಲಿ ಆಕೆ ಪತ್ರಿಕೆಗಳಿಗೆ ಹೇಳಿದ ಮಾತೂ ಉಳಿದಿದೆ.

*ವಾಷಿಂಗ್ಟನ್‌ಗೂ ಮೈಸೂರಿಗೂ ಸಂಬಂಧ ಇತ್ತೇ? — ಓದುಗರು, ಶ್ರೀರಂಗಪಟ್ಟಣ*

ನಡುವೆ ನಿಂತವನು ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್‌ಗೆ ಶರಣಾದ ಈತ, ಮೈ ಸರಿಯಿಲ್ಲವೆಂದು ತಾನು ಬಾರದೆ ತನ್ನ ಕೈಕೆಳಗಿನ ಅಧಿಕಾರಿ ಒ’ಹಾರನನ್ನು ಕಳಿಸಿದ. 1786ರಲ್ಲಿ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದು, 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ನಿಮ್ಮೂರಿನಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಬರೆಸಿಕೊಂಡವನೂ ಅವನೇ. ಎರಡೂ ಯುದ್ಧಗಳ ಅವನ ಕಾಗದಗಳು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಪಿಆರ್‌ಒ 30/11 ಎಂಬ ಒಂದೇ ಸಂಗ್ರಹದಲ್ಲಿವೆ. ಕನ್ನಡದಲ್ಲಿ ಇದನ್ನು ಹಿಡಿದು ಯಾರಾದರೂ ಕೆಲಸ ಮಾಡಬೇಕು ಎಂಬುದು ನಮ್ಮ ಆಸೆ.

ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಯೊಂದಕ್ಕೆ ಹೈದರಾಲಿಯ ಹೆಸರಿಟ್ಟಿದ್ದರು. 1782ರ ಏಪ್ರಿಲ್ 8ರಂದು ಅದು ಬ್ರಿಟಿಷರ ‘ಜನರಲ್ ಮಂಕ್’ ಹಡಗನ್ನು ಸೆರೆಹಿಡಿಯಿತು. ಹುಡುಕುವಾಗ ‘ಆಲಿ’ಗೆ ಎರಡು ಎಲ್, ಕೊನೆಗೆ ವೈ ಹಾಕಿ, ಆಗಿನವರು ಹಾಗೆ ಬರೆಯುತ್ತಿದ್ದರು. ಆದರೆ ಹಡಗಿನ ಹೆಸರಿನಿಂದ ಹೈದರ್–ವಾಷಿಂಗ್ಟನ್ ಸ್ನೇಹ ಕಟ್ಟಬೇಡಿ. ಬ್ರಿಟಿಷರ ವೈರಿಯೊಬ್ಬನ ಹೆಸರು ಅಲ್ಲಿ ಜನಪ್ರಿಯವಾಗಿತ್ತು ಎಂಬಷ್ಟನ್ನೇ ಅದು ಹೇಳುತ್ತದೆ.

*ಎರಡೇ ಅವಧಿ ಎಂಬ ನಿಯಮ ಅವರ ವಿದಾಯ ಭಾಷಣದಲ್ಲಿದೆಯೇ? — ಓದುಗರು, ಮಡಿಕೇರಿ*

ಇಲ್ಲ. ಅದು ಮಾಡಿದ ಭಾಷಣವೂ ಅಲ್ಲ, 1796ರ ಸೆಪ್ಟೆಂಬರ್ 19ರಂದು ಫಿಲಡೆಲ್ಫಿಯಾದ ಪತ್ರಿಕೆಯಲ್ಲಿ ಅಚ್ಚಾದ ಬರಹ. ಎರಡಕ್ಕೇ ನಿಂತದ್ದು ಸಂಪ್ರದಾಯವಾಯಿತು, 1940ರಲ್ಲಿ ಫ್ರಾಂಕ್ಲಿನ್ ರೂಸ್ವೆಲ್ಟ್ ಅದನ್ನು ದಾಟಿದ ಮೇಲೆ 1951ರ 22ನೇ ತಿದ್ದುಪಡಿ ಕಾನೂನಾಗಿಸಿತು. ಬರಹದ ಅಂತಿಮ ಹಸ್ತಪ್ರತಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿದೆ. 1792ರಲ್ಲಿ ಜೇಮ್ಸ್ ಮ್ಯಾಡಿಸನ್ (ಮುಂದೆ ತಾನೂ ಅಧ್ಯಕ್ಷನಾದವನು) ಮಾಡಿದ ಕರಡು, 1796ರ ಹ್ಯಾಮಿಲ್ಟನ್ ಕರಡು, ಅಚ್ಚಾದ ಪಾಠ ಈ ಮೂರನ್ನು ಇದೇ ಕ್ರಮದಲ್ಲಿ ಓದಿದರೆ ಯಾವ ವಾಕ್ಯ ಯಾರದೆಂದು ಬಹುಮಟ್ಟಿಗೆ ಬಿಡಿಸಬಹುದು.