ಹಿಂದಿನ ಸಾಲಿನಲ್ಲಿ ಮೊಬೈಲ್ ಹಿಡಿದು ನಿಂತವರು

ಅಕ್ಕೋರೇ,

ನಿಮ್ಮ ಕಾಗದ ಕೈಸೇರಿ ಹದಿನೈದು ದಿನವಾಯಿತು. ನಾಲ್ಕು ಪುಟ ಬರೆದವರಿಗೆ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಒಂದು ಸಾಲು ಹಾಕಿ ಕೈತೊಳೆದುಕೊಳ್ಳುವುದು ನಮ್ಮ ಕಚೇರಿಯ ಹಳೆಯ ಚಾಳಿ. ಈ ಸಲ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಅನ್ನುತ್ತೇವಲ್ಲ, ಹಾಗೇ ಕರೆಯುತ್ತೇನೆ.

ಉಳಿದ ಓದುಗರಿಗೆ ವಿಷಯ ತಿಳಿಯಬೇಕಲ್ಲ. ಕಳೆದ ಸಂಚಿಕೆಯಲ್ಲಿ ‘ಬಡತನ ಗೆದ್ದ ಮಾಸ್ತರು’ ಅಂತ ಒಂದು ಲೇಖನ ಹಾಕಿದ್ದೆವು. ಕೂಲಿ ಮನೆಯ ಹುಡುಗ ಓದಿ, ಹೈಸ್ಕೂಲ್ ಹೆಡ್ ಮಾಸ್ತರಾಗಿ ನಿವೃತ್ತಿಯಾದ ಕಥೆ. ಅದನ್ನು ಓದಿ ನೀವು ಬರೆದಿರಿ: ‘ಲೇಖನದಲ್ಲಿ ಛಲ ಅನ್ನುವ ಪದ ಆರು ಸಲ ಬಂದಿದೆ. ಆ ಮನೆಯಲ್ಲಿ ಇನ್ನೂ ಯಾರ್ಯಾರು ಇದ್ದರು ಅನ್ನುವುದು ಒಂದು ಸಲವೂ ಇಲ್ಲ.’

ಆಮೇಲೆ ನಿಮ್ಮ ಮನೆಯ ಕಥೆ. ಗುಳೇದಗುಡ್ಡದ ನೇಕಾರರ ಮನೆ, ಖಣ, ಅಂದರೆ ಕುಪ್ಪಸದ ಬಟ್ಟೆ ನೇಯುವವರು. ಅಪ್ಪನ ಕಣ್ಣು ಮಂಜಾದಾಗ ಅಣ್ಣ ಏಳನೇತ್ತೆಗೇ ಸಾಲಿ ಬಿಟ್ಟು ಮಗ್ಗದ ಕುಣಿಗೆ ಇಳಿದರು. ಲೆಕ್ಕದಲ್ಲಿ ನಿಮಗಿಂತ ಅವರೇ ಚುರುಕು. ನೀವು ಓದಿದಿರಿ, ಬಿ.ಎಡ್. ಮಾಡಿದಿರಿ, ಈಗ ಸರ್ಕಾರಿ ಶಾಲೆಯಲ್ಲಿ ಆರರಿಂದ ಎಂಟನೇತ್ತೆಗೆ ಗಣಿತ ಹೇಳುತ್ತೀರಿ. ಓಣಿಯವರು ಸೇರಿ ನಿಮಗೆ ಸನ್ಮಾನ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಅಣ್ಣ ಹಿಂದಿನ ಸಾಲಿನಲ್ಲಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದರು. ‘ಬಡತನವನ್ನು ಹೇಗೆ ಗೆದ್ದಿರಿ, ನಾಲ್ಕು ಮಾತು ಹೇಳಿ’ ಅಂತ ಮೈಕು ಕೊಟ್ಟಾಗ ನಿಮಗೆ ನಾಲಿಗೆ ಏಳಲಿಲ್ಲ. ‘ನಾನು ಗೆದ್ದಿಲ್ಲ ಸರ್, ಅಣ್ಣನ ಪಾಲಿನ ಓದು ಕದ್ದೆ’ ಅಂತ ಬರೆದಿದ್ದೀರಿ. ಕೊನೆಗೆ ಒಂದು ಪ್ರಶ್ನೆ: ನಿಮ್ಮ ಆರನೇತ್ತೆಯ ಹುಡುಗನೊಬ್ಬ ದೀಪಾವಳಿ ಮುಗಿಯುತ್ತಲೇ ಅಪ್ಪ ಅವ್ವನ ಜೊತೆ ಕಬ್ಬು ಕಡಿಯುವ ಗ್ಯಾಂಗಿಗೆ ಹೋಗುತ್ತಾನೆ. ಅವನಿಗೆ ‘ಓದಿದರೆ ಬಡತನ ಹೋಗುತ್ತದೆ’ ಅಂತ ಯಾವ ಬಾಯಲ್ಲಿ ಹೇಳಲಿ?

ಮೊದಲು ನಮ್ಮ ತಪ್ಪು. ಛಲ ಆರು ಸಲ ಅಲ್ಲ, ಏಳು ಸಲ ಇದೆ. ಫೋಟೊದ ಕೆಳಗಿನ ಸಾಲು ನೀವು ಎಣಿಸಿಲ್ಲ.

ಇನ್ನೊಂದು ನಿಮಗೆ ಗೊತ್ತಿಲ್ಲದ್ದು. ನಮ್ಮ ವರದಿಗಾರ ಹುಡುಗ ಬರೆದು ತಂದ ಪ್ರತಿಯಲ್ಲಿ ಇನ್ನೂ ಒಂದು ಪ್ಯಾರಾ ಇತ್ತು. ಪುಟಕ್ಕೆ ಜಾಸ್ತಿ ಆಯಿತು, ಕೆಳಗೆ ಬೀಜದ ಅಂಗಡಿಯ ಜಾಹೀರಾತು ಬರಬೇಕಿತ್ತು. ಕತ್ತರಿ ಹಾಕಿದವನು ನಾನೇ. ಆ ಪ್ಯಾರಾದಲ್ಲಿ ಮಾಸ್ತರ ತಂಗಿ ಇದ್ದರು. ನಾಲ್ಕನೇತ್ತೆಗೆ ಸಾಲಿ ಬಿಟ್ಟು ಆಡು ಕಾದವರು. ಪರೀಕ್ಷೆ ಫೀ ಕಟ್ಟುವ ಹೊತ್ತು ಬಂದಾಗಲೆಲ್ಲ ಹಿಂಡಿನಿಂದ ಒಂದು ಆಡು ಸಂತೆಗೆ ಹೋಗುತ್ತಿತ್ತು. ‘ಅಣ್ಣ ಬಿ.ಎ. ಪಾಸಾಗೂದ್ರಾಗ ನನ್ನ ಐದು ಆಡು ಹೋದೂವು’ ಅಂತ ಆಕೆ ನಗುತ್ತಾ ಹೇಳಿದ್ದರಂತೆ. ಇಡೀ ಲೇಖನದಲ್ಲಿ ಅದೊಂದೇ ಜೀವವಿದ್ದ ಸಾಲು. ಅದನ್ನು ತೆಗೆದು ಛಲ ಉಳಿಸಿಕೊಂಡೆ. ನಲವತ್ತು ವರ್ಷದಿಂದ ಇದೇ ಕೆಲಸ ಮಾಡುವವನಿಗೆ ಇಷ್ಟು ತಿಳಿಯಬೇಡವಾ?

ಆದರೆ ‘ಕದ್ದೆ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಕಾಗದದಲ್ಲೇ ಒಂದು ಚಿತ್ರ ಇದೆ. ದಿನಾ ಸಾಲಿ ಮುಗಿಸಿ ಮನೆಗೆ ಬಂದ ಮೇಲೆ ನೀವು ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಿರಿ. ಅಣ್ಣ ಕುಣಿಯಲ್ಲಿ ಕಾಲು ಇಳಿಬಿಟ್ಟು, ಕೆಳಗೆ ತುಳಿಯುತ್ತಾ ಮೇಲೆ ಲಾಳಿ ಓಡಿಸುತ್ತಿದ್ದರು. ಹಾಗೆ ಮಗ್ಗದಲ್ಲಿ ಕೂತೇ ನಿಮ್ಮಿಂದ ಮಗ್ಗಿ ಹೇಳಿಸುತ್ತಿದ್ದರು. ನೀವು ಹದಿಮೂರರ ಮಗ್ಗಿಯಲ್ಲಿ ತಪ್ಪಿದರೆ ಲಾಳಿ ನಿಂತುಬಿಡುತ್ತಿತ್ತು. ಬೈಯುತ್ತಿರಲಿಲ್ಲ, ಸುಮ್ನೆ ನಿಲ್ಲಿಸುತ್ತಿದ್ದರು. ನೀವು ಸರಿಮಾಡಿಕೊಂಡ ಮೇಲೆ ಮತ್ತೆ ಖಟ್ ಖಟ್. ಲಾಳಿ ನಿಂತಷ್ಟು ಹೊತ್ತು ಕೂಲಿಯೂ ನಿಂತ ಹಾಗೆ ಅನ್ನುವುದು ನೇಕಾರರ ಮನೆಯಲ್ಲಿ ಹುಟ್ಟಿದ ನಿಮಗೆ ನಾನು ಹೇಳಬೇಕಾ? ಅಷ್ಟು ಕೂಲಿ ಬಿಟ್ಟುಕೊಟ್ಟು ಪಾಠ ಹೇಳಿದವರಿಂದ ಕದ್ದೆ ಅಂದರೆ ಅವರಿಗೆ ಅವಮಾನ. ಅವರು ಕೊಟ್ಟಿದ್ದು. ಅಣ್ಣನನ್ನು ಸಾಲಿ ಬಿಡಿಸಿದ್ದೂ ನೀವಲ್ಲ. ಆಗ ನಿಮಗೆ ಒಂಬತ್ತು ವರ್ಷ.

ಇನ್ನೊಂದು ಮಾತು. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಸಾಲಿ ಬಿಡುವವಳು ಹುಡುಗಿ. ಆ ಹೆಡ್ ಮಾಸ್ತರ ಮನೆಯಲ್ಲೂ ಹಾಗೇ ಆಯಿತು. ನಿಮ್ಮ ಮನೆಯಲ್ಲಿ ಗಂಡು ಹುಡುಗ ಬಿಟ್ಟು ಹೆಣ್ಣು ಹುಡುಗಿಯನ್ನು ಓದಿಸಿದರು. ಯಾಕೆ ಅಂತ ಅಪ್ಪನನ್ನೋ ಅಣ್ಣನನ್ನೋ ಎಂದಾದರೂ ಕೇಳಿದ್ದೀರಾ? ಕಾಗದದಲ್ಲಿ ಅದಿಲ್ಲ. ನನಗಂತೂ ಓದುತ್ತಾ ಓದುತ್ತಾ ಅದೇ ತಲೆಯಲ್ಲಿ ಕೂತಿತು.

ಈಗ ನನ್ನ ಕಥೆ ಸ್ವಲ್ಪ. ಸಂಪಾದಕನಾದವನಿಗೆ ತನ್ನ ಪುರಾಣ ಹೇಳುವ ಚಟ ಇದ್ದೇ ಇರುತ್ತದೆ, ಸಹಿಸಿಕೊಳ್ಳಿ.

ನಾನು ಇಂಡಿ ಕಡೆಯ ಹಳ್ಳಿಯವನು. ವಿಜಯಪುರದಲ್ಲಿ, ಆಗಿನ್ನೂ ಬಿಜಾಪುರ, ನಾಲ್ಕು ಹುಡುಗರು ಸೇರಿ ಒಂದು ಖೋಲಿ ಹಿಡಿದು ಓದುತ್ತಿದ್ದೆವು. ಊಟ ಊರಿಂದ ಬರಬೇಕು. ಅವ್ವ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಹಿಂಡಿ, ಕಾಳಿನ ಪಲ್ಯ ಜೊತೆಗಿಟ್ಟು ಅರಿವೆಯಲ್ಲಿ ಗಂಟು ಕಟ್ಟಿ ಮೊದಲ ಬಸ್ಸಿಗೆ ಕೊಡುತ್ತಿದ್ದಳು. ಕಂಡಕ್ಟರ್ ಅದನ್ನು ಡ್ರೈವರ್ ಪಕ್ಕದ ಬಾನೆಟ್ ಮೇಲೆ ಇಡುತ್ತಿದ್ದ. ಹೀಗೆ ಹತ್ತು ಹದಿನೈದು ಗಂಟು. ಬಸ್ ಸ್ಟ್ಯಾಂಡಿನಲ್ಲಿ ನಾವು ಹುಡುಗರು ಕಾದು ನಿಂತಿರುತ್ತಿದ್ದೆವು. ಎಲ್ಲರ ಗಂಟಿಗೂ ಹೆಸರಿನ ಚೀಟಿ ಇರುತ್ತಿತ್ತು. ನಮ್ಮವ್ವನಿಗೆ ಬರೆಯಲು ಬರುತ್ತಿರಲಿಲ್ಲ. ತನ್ನ ಹಳೆಯ ಇಳಕಲ್ ಸೀರೆಯ ದಡಿ ಹರಿದು ಗಂಟಿನ ಕಿವಿಗೆ ಕಟ್ಟುತ್ತಿದ್ದಳು. ಕೆಂಪು ದಡಿ ಕಂಡರೆ ಅದು ನಂದು. ಆರು ವರ್ಷ ಆ ಗಂಟು ಬಂತು. ಬಾನೆಟ್ಟಿನ ಕಾವಿಗೆ ರೊಟ್ಟಿ ಬಿಸಿಯಾಗಿಯೇ ಇರುತ್ತಿತ್ತು, ಡೀಸೆಲ್ ವಾಸನೆ ಮಾತ್ರ ಪುಕ್ಕಟೆ. ಯಾವ ಕಂಡಕ್ಟರೂ ಅದಕ್ಕೆ ನಮ್ಮಿಂದ ಒಂದು ಪೈಸೆ ಕೇಳಲಿಲ್ಲ. ಅವರ ಹೆಸರು ಕೂಡ ನನಗೆ ಗೊತ್ತಿಲ್ಲ ನೋಡಿ.

ಹಾಗೆ ಓದಿ ಬಿ.ಎಡ್. ಮಾಡಿದೆ. ಒಂದು ಖಾಸಗಿ ಶಾಲೆಯಲ್ಲಿ ನಾಲ್ಕು ವರ್ಷ ಪಾಠ ಹೇಳಿದೆ. ಸಹಿ ಹಾಕುತ್ತಿದ್ದ ಸಂಬಳ ಒಂದು, ಕೈಗೆ ಬರುತ್ತಿದ್ದದ್ದು ಅದರ ಅರ್ಧವೂ ಅಲ್ಲ. ಅನುದಾನ ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಕಾದು ಕೊನೆಗೆ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿಕೊಂಡೆ. ಛಲ ನನಗೂ ಇತ್ತು ಅಕ್ಕೋರೇ. ಹಾಗಾಗಿ ಆ ಪದ ಏಳು ಸಲ ಅಚ್ಚಾಗಿದ್ದು ನೋಡಿ ನನಗೇ ನಾಚಿಕೆಯಾಯಿತು.

ನಮ್ಮ ಈ ಸೀಮೆಯಲ್ಲಿ ಓದು ಯಾವತ್ತೂ ಒಬ್ಬರೇ ಮಾಡಿದ ಕೆಲಸವಲ್ಲ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1906ರಲ್ಲಿ. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಕಟ್ಟಿದ್ದು 1910ರಲ್ಲಿ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಸೇರಿ ಕೆಎಲ್ಇ ಶಿಕ್ಷಣ ಸಂಸ್ಥೆ ಶುರು ಮಾಡಿದರು, ಜನ ಅವರನ್ನು ಸಪ್ತರ್ಷಿಗಳು ಅಂತಲೇ ಕರೆಯುತ್ತಾರೆ. ಸವದತ್ತಿ ಕಡೆಯ ಶಿರಸಂಗಿಯ ಲಿಂಗರಾಜ ದೇಸಾಯರು ತೀರಿಕೊಳ್ಳುವ ಮೊದಲು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಅಂತ ಮೃತ್ಯುಪತ್ರ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜಿನ ಹೆಸರು ಬಂದಿದ್ದು ಅವರಿಂದಲೇ. ಹಳಕಟ್ಟಿಯವರು ಶಿಕ್ಷಕರ ಮಗ, ವಕೀಲರು. ಆದರೂ ವಚನ ಅಚ್ಚು ಹಾಕಿಸಲು ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಬಡತನ ಕೊನೆತನಕ ಅವರನ್ನು ಬಿಡಲಿಲ್ಲ. ಪ್ರೆಸ್ಸಿನವನಾದ ನನಗೆ ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಇನ್ನು ದಿನಕ್ಕೊಂದು ಮನೆಯ ವಾರಾನ್ನ ಉಂಡು ಓದಿದವರು, ಮಠದ ಪ್ರಸಾದ ನಿಲಯದಲ್ಲಿ ಸಾಲಾಗಿ ಕೂತು ಉಂಡು ಮಾಸ್ತರಾದವರು ನಮ್ಮಲ್ಲಿ ಲೆಕ್ಕವಿಲ್ಲ. ಆ ಜೋಳ ಬಂದದ್ದು ಎಲ್ಲಿಂದ? ಹಳ್ಳಿಯ ಕಣದಿಂದ. ಕೊಟ್ಟವರ ಎಷ್ಟೋ ಮಕ್ಕಳು ಸಾಲಿಯ ಮುಖ ಕಂಡಿರಲಿಲ್ಲ.

ಬಡವರ ಮಕ್ಕಳು ಬೇರೆಲ್ಲ ಬಿಟ್ಟು ಮಾಸ್ತರಿಕೆಗೇ ಯಾಕೆ ಹೋಗುತ್ತಿದ್ದರು ಅಂತ ನೀವು ನಡುವೆ ಒಂದು ಕಡೆ ಕೇಳಿದ್ದೀರಿ. ನನಗೆ ಕಂಡಂತೆ ಅದು ಹತ್ತಿರದ ದಾರಿಯಾಗಿತ್ತು. ಮುಲ್ಕಿ, ಅಂದರೆ ಏಳನೇತ್ತೆ ಪಾಸಾದರೆ ಮಾಸ್ತರಾಗುವ ಕಾಲವಿತ್ತು. ಆಮೇಲೆ ಪಿಯುಸಿ ಮೇಲೆ ಎರಡು ವರ್ಷ ಟಿಸಿಎಚ್ ಅನ್ನುವ ಶಿಕ್ಷಕರ ತರಬೇತಿ. ಮನೆಯವರು ಹದಿನಾಲ್ಕು ವರ್ಷ ಹೊಟ್ಟೆ ಕಟ್ಟಿದರೆ ಒಬ್ಬರು ದಡ ಸೇರುತ್ತಿದ್ದರು. ನಿಮ್ಮ ಲೆಕ್ಕ ನೋಡಿ. ಪಿಯುಸಿಗೆ ಹನ್ನೆರಡು, ಡಿಗ್ರಿಗೆ ಮೂರು. ಬಿ.ಎಡ್. 2015ರಿಂದ ಎರಡು ವರ್ಷವಾಯಿತು. ಒಟ್ಟು ಹದಿನೇಳು. ಅದಾದ ಮೇಲೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, 150ಕ್ಕೆ 90 ಬಂದರೆ ಪಾಸು, ಕೆಲವು ಮೀಸಲಾತಿ ವರ್ಗದವರಿಗೆ ಸ್ವಲ್ಪ ಕಡಿಮೆ. ಅದು ಪಾಸಾದರೂ ನೌಕರಿಯಲ್ಲ, ನೌಕರಿಯ ಪರೀಕ್ಷೆಗೆ ಕೂರಲು ಅರ್ಹತೆ ಅಷ್ಟೇ. 2022ರಲ್ಲಿ 15,000 ಪದವೀಧರ ಶಿಕ್ಷಕರ ಹುದ್ದೆಗೆ ಕರೆದಾಗ ನೀವು ಬರೆದು ಆಯ್ಕೆಯಾದಿರಿ. ಕೋರ್ಟು ಕಚೇರಿ ಅಂತ ಆದೇಶ ಕೈಗೆ ಬರುವಷ್ಟರಲ್ಲಿ ವರ್ಷ ದಾಟಿತು. ಅಲ್ಲಿಯತನಕ ಅತಿಥಿ ಶಿಕ್ಷಕಿ, ಬೇಸಿಗೆ ರಜೆಯಲ್ಲಿ ಸಂಬಳವಿಲ್ಲ. ಇಷ್ಟೂ ದಿನ ಗುಳೇದಗುಡ್ಡದಲ್ಲಿ ಲಾಳಿ ಓಡುತ್ತಲೇ ಇತ್ತು. ದಾರಿ ಉದ್ದವಾದಷ್ಟೂ ಮಗ್ಗದಲ್ಲಿ ಕೂತವರ ದಿನ ಹೆಚ್ಚುತ್ತದೆ. ಇದನ್ನು ಯಾವ ಸನ್ಮಾನದಲ್ಲೂ ಹೇಳುವುದಿಲ್ಲ, ನಮ್ಮಂಥ ಪತ್ರಿಕೆಯವರೂ ಬರೆಯುವುದಿಲ್ಲ.

ಇನ್ನು ಆ ಹುಡುಗ.

‘ಓದಿದರೆ ಬಡತನ ಹೋಗುತ್ತದೆ’ ಅಂತ ಅವನಿಗೆ ಹೇಳಬೇಡಿ. ಅವನ ಅಪ್ಪ ಅವ್ವ ಅಡ್ವಾನ್ಸ್ ಹಣ ತಿಂದಾಗಿದೆ, ಹೋಗಲೇಬೇಕು ಅನ್ನುವುದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಅಂಥವನ ಮುಂದೆ ಭಾಷಣ ಮಾಡಿದರೆ ತಪ್ಪು ತನ್ನದೇ ಅಂದುಕೊಂಡು ಹೋಗುತ್ತಾನೆ. ಮಾರ್ಚಿನಲ್ಲಿ ವಾಪಸ್ ಬಂದರೂ ನಿಮಗೆ ಮುಖ ತೋರಿಸುವುದಿಲ್ಲ. ನಾನು ಪಾಠ ಹೇಳುತ್ತಿದ್ದಾಗ ಇದೇ ತಪ್ಪು ಮಾಡಿದ್ದೇನೆ. ಹಾಗೆ ಮುಖ ತಪ್ಪಿಸಿಕೊಂಡ ಇಬ್ಬರು ಹುಡುಗರು ಇನ್ನೂ ನೆನಪಿದ್ದಾರೆ.

ಮಾಡುವ ಕೆಲಸ ಬೇರೆ ಇದೆ. ದಸರಾ ರಜೆಗೂ ಮೊದಲೇ ಅವನ ಮನೆಗೆ ಹೋಗಿ. ಅಜ್ಜಿಯೋ ದೊಡ್ಡಮ್ಮನೋ ಊರಲ್ಲಿ ಉಳಿಯುತ್ತಾರಾ ಕೇಳಿ. ಉಳಿದರೆ ಹುಡುಗ ಅವರ ಹತ್ತಿರ ಇರಲಿ ಅಂತ ಒಪ್ಪಿಸಿ. ವಲಸೆ ಹೋಗುವವರ ಮಕ್ಕಳಿಗೆ ಋತುಮಾನದ ವಸತಿ ಶಾಲೆಯ ವ್ಯವಸ್ಥೆ ನಿಮ್ಮ ತಾಲ್ಲೂಕಿನಲ್ಲಿ ಈ ವರ್ಷ ಇದೆಯಾ ಅಂತ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ವಿಚಾರಿಸಿ. ಎರಡೂ ಆಗಲಿಲ್ಲ, ಹೋಗಿಯೇ ಹೋಗುತ್ತಾನೆ ಅಂದರೆ ಕೈಯಲ್ಲಿ ಶಾಲೆಯ ದಾಖಲೆ ಕಾಗದ ಕೊಟ್ಟು ಕಳಿಸಿ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಸೆಕ್ಷನ್ ಪ್ರಕಾರ ಮಗು ರಾಜ್ಯದ ಒಳಗಾಗಲಿ ಹೊರಗಾಗಲಿ ಬೇರೆ ಶಾಲೆಗೆ ಹೋಗಬಹುದು. ವರ್ಗಾವಣೆ ಪತ್ರ (ಟಿಸಿ) ತಡವಾಯಿತು ಅಂತ ಅಲ್ಲಿ ಸೇರಿಸಿಕೊಳ್ಳದೆ ಇರುವಂತಿಲ್ಲ. ಅವನ ಗ್ಯಾಂಗು ಮಹಾರಾಷ್ಟ್ರದ ಕಡೆ ಹೋದರೆ ಕನ್ನಡ ಶಾಲೆ ಹತ್ತಿರ ಸಿಗುವುದು ಕಷ್ಟ, ಅದು ಬೇರೆ ಮಾತು. ಆಗ ಭಾಗಾಕಾರ, ಭಿನ್ನರಾಶಿ ಬರೆದಿಟ್ಟ ಒಂದು ನೋಟ್‌ಬುಕ್ ಕೊಡಿ. ಅಪ್ಪನ ಮೊಬೈಲ್ ನಂಬರ್ ಬರೆದಿಟ್ಟುಕೊಳ್ಳಿ, ಭಾನುವಾರಕ್ಕೊಮ್ಮೆ ಫೋನ್ ಮಾಡಿ ಎರಡು ಮಗ್ಗಿ ಕೇಳಿ. ನಗಬೇಡಿ. ಲಾಳಿಯ ಸದ್ದಿನಲ್ಲಿ ಮಗ್ಗಿ ಕಲಿತವರು ನೀವು, ಫೋನಿನಲ್ಲಿ ಕಲಿಸಲು ಬರುವುದಿಲ್ಲವಾ? ಬಂದ ಮೇಲೆ ಅವನ ಜಾಗ ಖಾಲಿ ಇರಲಿ, ಹಾಜರಿ ಪುಸ್ತಕದಲ್ಲೂ, ಬೆಂಚಿನ ಮೇಲೂ.

ಅಣ್ಣನ ವಿಷಯವನ್ನೂ ಅವನಿಗೆ ಹೇಳಿ. ಬೋಧನೆ ಬೇಡ, ಸುಮ್ನೆ ಕಥೆಯ ಹಾಗೆ. ಸಾಲಿ ಬಿಟ್ಟವರೂ ಲೆಕ್ಕ ಮರೆಯದೆ ಇದ್ದಾರೆ ಅನ್ನುವುದು ಅವನಿಗೆ ತಿಳಿದಿರಲಿ.

ಕಡೆಗೆ ನನ್ನದೊಂದು ಬೇಡಿಕೆ. ಕಳೆದ ಸಲ ತಂಗಿಯ ಪ್ಯಾರಾ ಕತ್ತರಿಸಿದ್ದಕ್ಕೆ ದಂಡ ಅಂತಲೇ ತಿಳಿಯಿರಿ, ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿದ್ದೇನೆ. ಬೀಜದ ಅಂಗಡಿಯವರಿಗೂ ಹೇಳಿಯಾಯಿತು. ಗುಳೇದಗುಡ್ಡದ ಖಣಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಪ್ಯಾಟಿಯಲ್ಲಿ ಅದರ ಕುಪ್ಪಸ ಬೆಲೆಗೆ ಹೋಗುತ್ತದೆ, ಆದರೆ ನೇಯುವವರು ಮಾತಾಡಿದ್ದನ್ನು ನಾವು ಯಾವತ್ತೂ ಅಚ್ಚು ಹಾಕಿಲ್ಲ. ಅಣ್ಣ ಹೇಳಲಿ, ನೀವು ಬರೆಯಿರಿ. ಸಾಲಿ ಬಿಟ್ಟ ದಿನ, ಮೊದಲ ಸಲ ಕುಣಿಗೆ ಇಳಿದ ದಿನ, ತಂಗಿಗೆ ಆದೇಶ ಬಂದ ದಿನ, ಏನು ನೆನಪಿದೆಯೋ ಅದು. ಬೈದರೂ ಹಾಕುತ್ತೇನೆ. ಅವರು ಮಾತಾಡಲು ಒಪ್ಪದಿದ್ದರೆ ಒತ್ತಾಯ ಮಾಡಬೇಡಿ, ಪುಟ ಇನ್ನೊಂದು ತಿಂಗಳು ಕಾಯುತ್ತದೆ. ಇಪ್ಪತ್ತನೇ ತಾರೀಖಿನೊಳಗೆ ಕೈಸೇರಿದರೆ ಪ್ರೆಸ್ಸಿಗೆ ಹೋಗುವ ಮುಂಚೆ ಪ್ರೂಫ್ ನಿಮಗೂ ಕಳಿಸುತ್ತೇನೆ.

ಫೋಟೊ ಕಳಿಸುವುದಾದರೆ ಸನ್ಮಾನದ್ದು ಬೇಡ, ಅದರಲ್ಲಿ ಅವರಿಲ್ಲ. ಮಗ್ಗದಲ್ಲಿ ಕೂತದ್ದು ಕಳಿಸಿ. ಈ ಸಲ ಮೊಬೈಲ್ ನೀವು ಹಿಡಿಯಿರಿ.

ಸಂಪಾದಕ