ಕೆಲಸಕ್ಕೆ ಸಹಿ ಹಾಕುವ ಮೊದಲು ನಿನ್ನ ಪ್ರಾಜೆಕ್ಟ್ ಬಗ್ಗೆ ಬರೆಸಿಕೋ

ತಮ್ಮಾ, ಕೆಲಸ ಹುಡುಕೋಕೆ ಜರ್ಮನಿ ಕೊಡುವ ಚಾನ್ಸೆನ್‌ಕಾರ್ಟೆ ವೀಸಾದಲ್ಲಿ ಬರ್ಲಿನ್‌ಗೆ ಬಂದಿದ್ದೀಯ, ಕೆಲಸ ಹುಡುಕುತ್ತಿದ್ದೀಯ. ದಾವಣಗೆರೆಯಲ್ಲಿ ಓದುವಾಗ ಶುರು ಮಾಡಿದ ಓಪನ್ ಸೋರ್ಸ್ (ಕೋಡನ್ನು ಎಲ್ಲರಿಗೂ ತೆರೆದಿಟ್ಟ) ಪ್ರಾಜೆಕ್ಟ್ ಇನ್ನೂ ನಡೆಸುತ್ತಿದ್ದೀಯ. "ಅಕ್ಕಾ, ಇದರಿಂದ ಇಲ್ಲಿ ಏನಾದರೂ ಉಪಯೋಗ ಇದೆಯಾ, ಇಲ್ಲ ಬಿಟ್ಟು ಇಂಟರ್‌ವ್ಯೂಗೆ ಓದಿಕೊಳ್ಳಲಾ? ಮನೆ, ಊಟ, ಭಾಷೆ ಎಲ್ಲ ಹೇಗೆ?" ಅಂತ ಕೇಳಿದ್ದೀಯ.

ಮನೆ ಊಟದ್ದು ಬೇಗ ಹೇಳಿಬಿಡುತ್ತೇನೆ. ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಅದಕ್ಕೆ ಮನೆ ಕೊಟ್ಟವರ ಪತ್ರ ಬೇಕು. ಪತ್ರ ಕೊಡಲ್ಲ ಅನ್ನುವವರಿಗೆ ಅಡ್ವಾನ್ಸ್ ಕೊಡಬೇಡ. ಭಾನುವಾರ ಅಂಗಡಿ ಇರಲ್ಲ. ಬೆಣ್ಣೆ ಚೆನ್ನಾಗಿಯೇ ಸಿಗುತ್ತದೆ, ಆದರೆ ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಲ್ಲ. ಓವನ್ ಒಳಗಿಟ್ಟು ಅದರ ದೀಪ ಮಾತ್ರ ಹಾಕು. ಜರ್ಮನ್ ಕಲಿ, ಇವತ್ತಿಂದಲೇ.

ಇನ್ನು ಪ್ರಾಜೆಕ್ಟ್ ವಿಷಯ. ಬಿಡಬೇಡ.

ನಾನು ಬಂದಿದ್ದು ನವೆಂಬರಿನಲ್ಲಿ. ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತಿತ್ತು. ನಮ್ಮೂರಲ್ಲಿ ಯಾರ ಮನೆಯವಳು ಅಂತ ಹೇಳಿದರೆ ಪಿ.ಜೆ. ಬಡಾವಣೆಯಲ್ಲೋ ವಿದ್ಯಾನಗರದಲ್ಲೋ ಯಾರಾದರೂ ಗುರುತು ಹಿಡಿಯುತ್ತಾರೆ, ಅಲ್ವಾ? ಇಲ್ಲಿ ನನ್ನ ಕಾಲೇಜಿನ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ನನ್ನ ಪರವಾಗಿ ಮಾತಾಡೋಕೆ ಇದ್ದದ್ದು ಒಂದು ಚಿಕ್ಕ ಪ್ರಾಜೆಕ್ಟ್. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆ ಫೈಲುಗಳನ್ನು, ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರಕ್ಕೆ ತರುವ ಪ್ರೋಗ್ರಾಂ. ಊರಿನ ಡಿಟಿಪಿ ಅಂಗಡಿಯ ಅಣ್ಣನೊಬ್ಬರ ಕಷ್ಟ ನೋಡಿ ಬರೆದದ್ದು.

ಅದರಲ್ಲಿ ಅರ್ಕಾವೊತ್ತಿನದೇ ದೊಡ್ಡ ತಲೆನೋವು. 'ಸೂರ್ಯ' ಅಂತ ಬರೆದರೆ ಹಳೆ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಸಾಲಿನಲ್ಲೇ ಕೂತಿರುತ್ತದೆ: ಸೂ, ಯ, ಆಮೇಲೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಸಾಲು: ರಕಾರ ಮೊದಲು, ಯಕಾರ ಆಮೇಲೆ. ಅಂದರೆ ಅರ್ಕಾವೊತ್ತನ್ನು ಎತ್ತಿ ಹಿಂದೆ ಕೂರಿಸಬೇಕು. 'ಮರ್ತ್ಯ' ಬಂದರೆ ಮಧ್ಯೆ ಇನ್ನೊಂದು ಒತ್ತು ಇರುತ್ತದೆ, ಅದನ್ನೂ ದಾಟಿಸಿ ಕೂರಿಸಬೇಕು. ಚಿತ್ರದುರ್ಗದ ಪ್ರೆಸ್ಸಿನವರೊಬ್ಬರು ಇದರಿಂದ ಪುಸ್ತಕವೆಲ್ಲ ಹಾಳಾಯಿತು ಅಂತ ಸಿಟ್ಟಿನಿಂದ ಪ್ರಾಜೆಕ್ಟಿನ ಪುಟದಲ್ಲಿ ಇಶ್ಯೂ, ಅಂದರೆ ದೂರು, ಹಾಕಿದ್ದರು. ನಾನು ಒಂದು ಪುಟದ ಫೈಲ್ ಕಳಿಸಿ ಅಂತ ಕೇಳಿದೆ, ತಪ್ಪು ಬಂದ ಪದಗಳನ್ನೆಲ್ಲ ಟೆಸ್ಟಿಗೆ ಸೇರಿಸಿದೆ, ಸರಿ ಮಾಡಿ ರಿಲೀಸ್ ಬಿಟ್ಟು ಅವರಿಗೆ ತಿಳಿಸಿದೆ.

ಇಲ್ಲಿನ ಇಂಟರ್‌ವ್ಯೂನಲ್ಲಿ ಮಾತು ನಡೆದದ್ದು ಹೆಚ್ಚಾಗಿ ಆ ಒಂದು ಇಶ್ಯೂ ಮೇಲೆ. ಕನ್ನಡ ಒಂದಕ್ಷರ ಬಾರದವರು ಅದನ್ನು ಮೊದಲಿಂದ ಕೊನೆವರೆಗೆ ಓದಿಕೊಂಡು ಬಂದಿದ್ದರು! ಕೋಡ್ ಬರೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಸಿಟ್ಟಾದವರ ಮಾತಿನಿಂದ ಬಗ್ ಹುಡುಕುವವರು, ಹಳೆ ಬಳಕೆದಾರರ ಕೈ ಬಿಡದೆ ಹೊಸ ವರ್ಷನ್ ತರುವವರು, ಬೇಡದ ಪುಲ್ ರಿಕ್ವೆಸ್ಟಿಗೆ (ಬೇರೆಯವರು ಸೇರಿಸಿ ಅಂತ ಕಳಿಸುವ ಕೋಡ್ ಬದಲಾವಣೆಗೆ) ಕಾರಣ ಹೇಳಿ ಬೇಡ ಅನ್ನುವವರು ಕಡಿಮೆ. ಅದಕ್ಕೆ ಪ್ರಾಜೆಕ್ಟಿಗೆ ಜನ ಮೆಚ್ಚಿ ಒತ್ತಿದ ಸ್ಟಾರ್ ಎಷ್ಟು ಅಂತ ಚಿಂತೆ ಮಾಡಬೇಡ. ಸಂಖ್ಯೆಗೋಸ್ಕರ ಸುಮ್ನೆ ಚಿಲ್ಲರೆ ಪುಲ್ ರಿಕ್ವೆಸ್ಟ್ ಹಾಕುತ್ತಾ ಹೋಗಬೇಡ. ಓಪನ್ ಸೋರ್ಸಿಗೆ ಕೋಡ್ ಕಳಿಸಲು ಹುರಿದುಂಬಿಸುವ ಹ್ಯಾಕ್ಟೋಬರ್‌ಫೆಸ್ಟ್ ಅನ್ನುವ ಕಾರ್ಯಕ್ರಮದಲ್ಲಿ 2020ರಲ್ಲಿ ಟೀ ಶರ್ಟ್ ಆಸೆಗೆ ಜನ ಅಂಥವನ್ನು ರಾಶಿ ಹಾಕಿದರು, ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರುಗಳು ರೋಸಿಹೋದರು, ಕಾರ್ಯಕ್ರಮ ನಡೆಸುವವರು ನಿಯಮವನ್ನೇ ಬದಲಿಸಬೇಕಾಯಿತು.

ಈಗ ನಾನು ನಿನಗೆ ಮುಖ್ಯವಾಗಿ ಹೇಳಬೇಕಾದದ್ದು. ಆ ಪ್ರಾಜೆಕ್ಟ್ ನೋಡಿಯೇ ನನ್ನನ್ನು ತೆಗೆದುಕೊಂಡ ಕಂಪನಿ, ಅದನ್ನು ಮುಂದುವರಿಸೋಕೆ ಬಿಡಲಿಲ್ಲ. ಸೇರುವ ಮುಂಚೆ ಮ್ಯಾನೇಜರ್ "ಏನೂ ತೊಂದರೆ ಇಲ್ಲ" ಅಂದಿದ್ದರು. ನಮ್ಮ ಕಡೆ ದೊಡ್ಡವರು ಬಾಯಿಬಿಟ್ಟು ಹೇಳಿದ ಮೇಲೆ ಕಾಗದ ಕೇಳಿದರೆ ಅವರಿಗೇ ಅವಮಾನ, ನಿನಗೆ ಗೊತ್ತು. ಸೇರಿದ ಮೇಲೆ ಲೀಗಲ್‌ನವರು ಬಂದರು. ಒಪ್ಪಿಗೆ ಸಿಗುವವರೆಗೆ ಏನೂ ರಿಲೀಸ್ ಮಾಡಬೇಡಿ ಅಂದರು. ನಾನು ಕೆಲಸ ಬಿಡುವವರೆಗೂ ಆ ಒಪ್ಪಿಗೆ ಬರಲೇ ಇಲ್ಲ.

ಆ ಹೊತ್ತಿನಲ್ಲೇ ಊರಿನ ಅಣ್ಣ ಬರೆದರು. ಯಾವುದೋ ಸಂಘದ ಸ್ಮರಣ ಸಂಚಿಕೆ, ಫೈಲುಗಳು ಅರ್ಧಕ್ಕೆ ನಿಲ್ಲುತ್ತಿವೆ ಅಂತ. ತಪ್ಪು ಎಲ್ಲಿದೆ ಅಂತ ನೋಡಿದ ತಕ್ಷಣ ಗೊತ್ತಾಯಿತು. ಸರಿಮಾಡಿ ಬಿಡುವಂತಿರಲಿಲ್ಲ. ಅವರೂ ಅವರ ಹೆಂಡತಿಯೂ ಕೂತು ಇಡೀ ಸಂಚಿಕೆ ಮತ್ತೆ ಟೈಪ್ ಮಾಡಿದರು. ಆಮೇಲೆ ಸಿಕ್ಕಾಗಲೂ ಅವರು ಒಂದು ಮಾತು ಆಡಲಿಲ್ಲ, "ಚಳಿ ಹೆಂಗೈತವ್ವ ಅಲ್ಲಿ" ಅಂತಷ್ಟೇ ಕೇಳಿದರು. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಲೈಸೆನ್ಸ್ ಎಂಐಟಿ, ಅಂದರೆ ಯಾರು ಬೇಕಾದರೂ ಬಳಸಿ ಬದಲಿಸಬಹುದಾದದ್ದು ಆಗಿದ್ದರಿಂದ ಬೇರೆ ಹುಡುಗ ಫೋರ್ಕ್ ಮಾಡಿ ತನ್ನದೇ ಪ್ರತಿ ನಡೆಸಿದ, ಈಗ ಜನ ಬಳಸುವುದು ಅವನದ್ದನ್ನೇ. ಪ್ರೋಗ್ರಾಂ ಬದುಕಿತಲ್ಲ ಅಂತ ನಿಜವಾಗಿ ಸಂತೋಷ. ಆದರೆ ಮುಂದಿನ ಕೆಲಸಕ್ಕೆ ಹೋದಾಗ "ಯಾಕೆ ಇಷ್ಟು ದಿನ ಸುಮ್ಮನಿದ್ದಿರಿ?" ಅಂತ ಕೇಳಿದರು.

ಜರ್ಮನಿಯ ಕಾಪಿರೈಟ್ ಕಾನೂನಿನ 69ಬಿ ಕಲಂ ಪ್ರಕಾರ, ಕೆಲಸದ ಭಾಗವಾಗಿ ಬರೆದ ಪ್ರೋಗ್ರಾಮಿನ ಹಣಕಾಸಿನ ಹಕ್ಕು ಕಂಪನಿಯದು, ಬೇರೆ ಒಪ್ಪಂದ ಇಲ್ಲದಿದ್ದರೆ. ಬಿಡುವಿನ ವೇಳೆಯಲ್ಲಿ ಬರೆದದ್ದು ಬೇರೆ, ಆದರೆ ಗೆರೆ ಎಲ್ಲಿದೆ ಅಂತ ಜಗಳ ಬರೋದೇ ಅಲ್ಲಿ. ಅದಕ್ಕೆ ಸಹಿಗೆ ಮೊದಲೇ ಕೇಳು. ಪ್ರಾಜೆಕ್ಟಿನ ಹೆಸರು, ಕೊಂಡಿ, ಶುರುವಾದ ದಿನ, ಲೈಸೆನ್ಸ್ ಹಾಕು. ನನ್ನ ಸಮಯದಲ್ಲಿ, ನನ್ನ ಲ್ಯಾಪ್‌ಟಾಪಿನಲ್ಲಿ ಮುಂದುವರಿಸುತ್ತೇನೆ ಅಂತ ಬರೆ. ಕಾಂಟ್ರ್ಯಾಕ್ಟಿನ ಜೊತೆಗೇ ಒಂದು ಪುಟವಾಗಿ ಸೇರಿಸಿ ಅನ್ನು. ಇಲ್ಲಿ ಹೀಗೆ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಇನ್ನೊಂದು, ಎಲ್ಲ ಒಬ್ಬನೇ ಹೊರಬೇಡ, ಒತ್ತಾಯಕ್ಕೆ ಮಣಿದು ಪ್ರಾಜೆಕ್ಟ್ ಬದಲಿಸುವ ಅಧಿಕಾರದ ಕೀಲಿಯನ್ನೂ ಯಾರಿಗೋ ಕೊಡಬೇಡ. ಎಕ್ಸ್‌ಝಡ್ ಯುಟಿಲ್ಸ್ ಅನ್ನುವ, ಫೈಲು ಕುಗ್ಗಿಸುವ ಓಪನ್ ಸೋರ್ಸ್ ಪ್ರೋಗ್ರಾಮಿನಲ್ಲಿ ಆಗಿ 2024ರ ಮಾರ್ಚಿನಲ್ಲಿ ಬಯಲಾದದ್ದು ನೆನಪಿರಲಿ. ದಣಿದಿದ್ದ ಒಬ್ಬ ಮೇಂಟೇನರ್ ಮೇಲೆ ಒತ್ತಡ ಹಾಕಿ, ಸಹಾಯದ ಹೆಸರಿನಲ್ಲಿ ಒಳಗೆ ಬಂದವರು ಕದ್ದು ನುಗ್ಗೋಕೆ ಹಿಂಬಾಗಿಲು ಇಟ್ಟರು. ಎಸ್‌ಎಸ್‌ಎಚ್ ಲಾಗಿನ್ (ದೂರದ ಕಂಪ್ಯೂಟರಿನೊಳಗೆ ಹೋಗುವುದು) ಅರ್ಧ ಸೆಕೆಂಡ್ ತಡ ಆಗುತ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್ ಕೆದಕಿದ್ದಕ್ಕೆ ಅದು ಸಿಕ್ಕಿಬಿದ್ದಿತು.

ಆಫರ್ ಬಂದ ದಿನ ಕಾಂಟ್ರ್ಯಾಕ್ಟ್ ನನಗೆ ಕಳಿಸು. ಜರ್ಮನ್‌ನಲ್ಲಿದ್ದರೂ ಪರವಾಗಿಲ್ಲ, ಜೊತೆಗೆ ಕೂತು ಓದೋಣ. ಅಲ್ಲಿಯವರೆಗೆ ಉತ್ತರ ಕೊಡದೆ ಇಟ್ಟಿರುವ ಇಶ್ಯೂಗಳಿದ್ದರೆ ಈ ವಾರವೇ ಉತ್ತರ ಬರೆದು ಮುಗಿಸು.